ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ: ರೋಗಿಗಳ ದಿನದ ಚಿಂತನೆ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಸಂತ ಎರಡನೆಯ ಜಾನ್ ಪೌಲರು 1992ರಲ್ಲಿ ಘೋಷಿಸಿದಂತೆ, 1993ರಿಂದ ಅದೇ ದಿನ ವಿಶ್ವ ರೋಗಿಗಳ ದಿನವೂ ಹೌದು. ಕುರುಡ ಬಾರ್ತಿಮಾಯನನ್ನು ಗುಣಪಡಿಸುವ ಮುನ್ನ ಪ್ರಭು ಯೇಸು ಅವನ ಬಯಕೆ ಏನೆಂದು ಕೇಳಿದರು. ಎಲ್ಲವನ್ನೂ ಬಲ್ಲ ಪ್ರಭುವೇ ಕೇಳಿದರು. ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಆರೈಕೆ ಆರಂಭವಾಗುವುದೇ ಹೀಗೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಕುಟುಂಬಗಳು ದೊಡ್ಡ ಸ್ಕ್ಯಾನ್‌ಗಾಗಿ ಬೆಳಗಾವಿಗೋ ಧಾರವಾಡ-ಹುಬ್ಬಳ್ಳಿಗೋ ಬಸ್ಸು ಹತ್ತುವುದುಂಟು. ಅಲ್ಲಿ ಕೇಳುವ ಪ್ರಶ್ನೆಗಳಿಗೆ ನಾವು ಅವಸರದಲ್ಲಿ ‘ಇಲ್ರೀ, ಇಲ್ರೀ’ ಎಂದು ಮುಗಿಸಿಬಿಡುತ್ತೇವೆ. ಆದರೆ ಆ ಉತ್ತರದ ಮೇಲೆ ಒಂದು ಜೀವ ನಿಂತಿರಬಹುದು.

ಎದೆಯ ಒಂದು ಎಕ್ಸ್-ರೇಯಿಂದ ತಗಲುವ ವಿಕಿರಣ, ಪ್ರಕೃತಿಯಿಂದ ನಮಗೆ ಸುಮಾರು 10 ದಿನಗಳಲ್ಲಿ ತಾನಾಗಿ ತಗಲುವಷ್ಟು ಮಾತ್ರ. ಎದೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಅದು ಹತ್ತಾರು ಪಟ್ಟು ಹೆಚ್ಚು. ವೈದ್ಯರು ಅಗತ್ಯವೆಂದಾಗ ಹೆದರಬೇಕಿಲ್ಲ. ಅಗತ್ಯವಿಲ್ಲದಾಗ ನಾವು ಒತ್ತಾಯಿಸಬಾರದು, ಮಕ್ಕಳಿಗಂತೂ ಬೇಡವೇ ಬೇಡ. ಹಳೆಯ ಫಿಲ್ಮು, ವರದಿಗಳನ್ನು ಜೊತೆಗೆ ಒಯ್ದರೆ ಎಷ್ಟೋ ಸಲ ಮತ್ತೆ ತೆಗೆಸುವುದು ತಪ್ಪುತ್ತದೆ.

ಗರ್ಭಿಣಿ ಎಂಬ ಸಂಶಯವಿದ್ದರೂ ಮೊದಲೇ ಹೇಳಬೇಕು. ಅತ್ತೆಯ ಎದುರು ಸೊಸೆ, ತಂದೆಯ ಎದುರು ಮಗಳು ನಾಚಿ ಸುಮ್ಮನಾಗಬಹುದು. ಆ ಗಳಿಗೆ ನಾವು ಹೊರಗೆ ನಿಲ್ಲುವುದೇ ಅವಳಿಗೆ ಮಾಡುವ ಸೇವೆ. ನರಕ್ಕೆ ಕಾಂಟ್ರಾಸ್ಟ್ ಔಷಧಿ ಕೊಡುವುದಿದ್ದರೆ ಮೂತ್ರಪಿಂಡದ ತೊಂದರೆ, ಹಿಂದೆ ಆದ ಅಲರ್ಜಿ, ಸಕ್ಕರೆ ಕಾಯಿಲೆಯ ಮಾತ್ರೆ ಯಾವುದನ್ನೂ ಮುಚ್ಚಿಡಬಾರದು.

ಸೋನೋಗ್ರಫಿಯಲ್ಲಿ ಇರುವುದು ಶಬ್ದತರಂಗ, ಎಕ್ಸ್-ರೇ ಅಲ್ಲ. ಆದರೆ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆ ಮಾಡಿಸುವುದು 1994ರ ಕಾನೂನಿನಂತೆ ಅಪರಾಧ; ದೇವರು ಕೊಟ್ಟ ಜೀವಕ್ಕೆ ಮಾಡುವ ದ್ರೋಹವೂ ಹೌದು.

ಎಂ.ಆರ್.ಐ.ಯಲ್ಲೂ ಎಕ್ಸ್-ರೇ ಇಲ್ಲ. ಆದರೆ ಅದರ ಬಲವಾದ ಅಯಸ್ಕಾಂತ ಚಿತ್ರ ತೆಗೆಯದಿರುವಾಗಲೂ ಕೆಲಸ ಮಾಡುತ್ತಿರುತ್ತದೆ. ಕಬ್ಬಿಣದ ಗಾಲಿಕುರ್ಚಿ, ಆಕ್ಸಿಜನ್ ಸಿಲಿಂಡರ್ ಹಾರಿಬಂದು ಬಡಿಯಬಲ್ಲವು. ಪೇಸ್‌ಮೇಕರ್ ಇದ್ದರೆ, ಕಮ್ಮಾರಿಕೆ, ವೆಲ್ಡಿಂಗ್ ಮಾಡುವಾಗ ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿದ್ದರೆ ತಪ್ಪದೆ ತಿಳಿಸಬೇಕು. ಜೊತೆಗೆ ಒಳಹೋಗುವವರಿಗೂ ಇದೇ ನಿಯಮ.

ಕೊರಳಿನ ಶಿಲುಬೆ, ಮಾತೆಯ ಪದಕ ತೆಗೆಯಲು ನಮ್ಮ ಅಜ್ಜಿಯಂದಿರು ಸುಲಭವಾಗಿ ಒಪ್ಪುವುದಿಲ್ಲ. ಶಿಲುಬೆ ತೆಗೆದರೆ ಪ್ರಭು ದೂರವಾಗುವುದಿಲ್ಲವೆಂದು ಮೆಲ್ಲಗೆ ಹೇಳೋಣ. ಅದನ್ನು ನಮ್ಮ ಅಂಗೈಯಲ್ಲಿ ಹಿಡಿದು, ಅವರು ಹೊರಬರುವ ತನಕ ಬಾಗಿಲ ಹೊರಗೆ ಕುಳಿತು ಜಪಸರ ಪ್ರಾರ್ಥಿಸೋಣ. ಲೂರ್ದು ಮಾತೆ ನಮ್ಮೆಲ್ಲ ರೋಗಿಗಳಿಗಾಗಿ ಬಿನ್ನವಿಸಲಿ. ಆಮೆನ್.