ವೆಸ್ಟರ್ನ್ ಮೂಕಿಚಿತ್ರಗಳ ಧರ್ಮಸಂಕಟ

ಅಮೆರಿಕದ ಪಶ್ಚಿಮ ಗಡಿನಾಡಿನಲ್ಲಿ, ಕಾನೂನು ಇನ್ನೂ ಬೇರೂರದ ಊರುಗಳಲ್ಲಿ ನಡೆಯುವ ಕಥೆಗಳನ್ನು ಹೇಳುವ ಚಿತ್ರಗಳಿಗೆ ವೆಸ್ಟರ್ನ್ ಎಂದು ಹೆಸರು. ಎಡ್ವಿನ್ ಎಸ್. ಪೋರ್ಟರ್ 1903ರಲ್ಲಿ ತಯಾರಿಸಿದ, ಸುಮಾರು 12 ನಿಮಿಷಗಳ ‘ದಿ ಗ್ರೇಟ್ ಟ್ರೈನ್ ರಾಬರಿ’ಯಲ್ಲಿ ಅಪರಾಧವಿದೆ, ಅದಕ್ಕೆ ತಕ್ಕ ಶಿಕ್ಷೆಯೂ ಇದೆ, ಆದರೆ ಅಪರಾಧಿಯ ಅಂತರಂಗಕ್ಕೆ ಅಲ್ಲಿ ಎಡೆಯಿಲ್ಲ. ಮುಂದಿನ ದಶಕದಲ್ಲಿ ‘ಬ್ರಾಂಕೊ ಬಿಲ್ಲಿ’ ಪಾತ್ರದ ಕಿರುಚಿತ್ರಗಳು ಮನಸ್ಸು ತಿರುಗಿದ ದರೋಡೆಕೋರನನ್ನು ನಾಯಕನನ್ನಾಗಿಸಿದವು. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿ, ಐವತ್ತರ ಆಸುಪಾಸಿನಲ್ಲಿ, 1914ರಲ್ಲಿ, ನಿರ್ಮಾಪಕ ಥಾಮಸ್ ಇನ್ಸ್ ಅವರ ಬಳಗವನ್ನು ಸೇರಿದ ನಟ ವಿಲಿಯಂ ಎಸ್. ಹಾರ್ಟ್ ಅಂಥ ನಾಯಕನ ಪಾತ್ರಕ್ಕೆ ನಿಜವಾದ ಆಳವನ್ನು ತಂದುಕೊಟ್ಟರು.

ಹಾರ್ಟ್ ಅಭಿನಯಿಸಿದ ‘ಹೆಲ್ಸ್ ಹಿಂಜಸ್’ (1916) ಇದಕ್ಕೆ ಶ್ರೇಷ್ಠ ನಿದರ್ಶನ. ಪುಂಡರ ಊರೊಂದಕ್ಕೆ ಯುವ ಪಾದ್ರಿಯೊಬ್ಬ ತಂಗಿ ಫೇತ್‌ಳೊಂದಿಗೆ ಬರುತ್ತಾನೆ; ಸಲೂನಿನ, ಅಂದರೆ ಮದ್ಯದಂಗಡಿಯ, ಒಡೆಯ ಸಿಲ್ಕ್ ಮಿಲ್ಲರ್ ಅವನನ್ನು ಓಡಿಸುವ ಕೆಲಸವನ್ನು ಬಂದೂಕುಗಾರ ಬ್ಲೇಜ್ ಟ್ರೇಸಿಗೆ ಒಪ್ಪಿಸುತ್ತಾನೆ. ಆದರೆ ಫೇತ್‌ಳನ್ನು ಕಂಡ ಬ್ಲೇಜ್ ಆ ಅಣ್ಣತಂಗಿಯರ ರಕ್ಷಣೆಗೇ ನಿಲ್ಲುತ್ತಾನೆ, ಅತ್ತ ಧರ್ಮವನ್ನು ಬೋಧಿಸಬೇಕಾದ ಪಾದ್ರಿಯೇ ಹೆಣ್ಣು ಮತ್ತು ಮದ್ಯದ ಆಮಿಷಕ್ಕೆ ಸೋತು, ಚರ್ಚನ್ನು ಸುಡಲು ಹೊರಟ ಗುಂಪಿನೊಡನೆ ಸೇರಿ ಪ್ರಾಣ ಕಳೆದುಕೊಳ್ಳುತ್ತಾನೆ. ಕೊನೆಗೆ ಬ್ಲೇಜ್ ಮಿಲ್ಲರನನ್ನು ಕೊಂದು ಇಡೀ ಊರನ್ನೇ ಬೆಂಕಿಗೆ ಆಹುತಿ ಮಾಡುತ್ತಾನೆ.

ಒಳಿತು ಇರುವುದು ವೇಷದಲ್ಲೋ ಪದವಿಯಲ್ಲೋ ಅಲ್ಲ, ನಡತೆಯಲ್ಲಿ ಎಂಬುದನ್ನು ಚಿತ್ರ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಮನಸ್ಸು ತಿರುಗಿದವನಿಗೂ ಹಿಂಸೆಯ ಹೊರತು ಬೇರೆ ಸಾಧನ ತಿಳಿಯದು ಎಂಬ ಕಹಿಸತ್ಯವನ್ನು ಅದು ಬಗೆಹರಿಸದೆ ಉಳಿಸುತ್ತದೆ. ಮಾತಿಲ್ಲದ ಮಾಧ್ಯಮ ಈ ತೊಳಲಾಟಕ್ಕೆ ಅನುಕೂಲವೇ ಆಯಿತು, ಏಕೆಂದರೆ ದೃಶ್ಯಗಳ ನಡುವೆ ಬರುವ ಬರಹದ ಫಲಕಗಳು ಹೇಳಲಾರದ್ದನ್ನು ಹಾರ್ಟ್ ಅವರ ಬಿಗಿದ ಮುಖ ಮತ್ತು ನೆಟ್ಟ ನೋಟ ಹೇಳಬಲ್ಲವಾಗಿದ್ದವು. ಅದೇ ಫಲಕಗಳಲ್ಲೊಂದು ಮಿಲ್ಲರನ ಕುಟಿಲತೆಯನ್ನು ಮೆಕ್ಸಿಕನ್ನರ ಸ್ವಭಾವಕ್ಕೆ ಹೋಲಿಸುತ್ತದೆ. ವ್ಯಕ್ತಿಯ ಪಾಪಪುಣ್ಯಗಳನ್ನು ಇಷ್ಟು ಸೂಕ್ಷ್ಮವಾಗಿ ತೂಗಿದ ಚಿತ್ರವೇ ಒಂದು ಜನಾಂಗವನ್ನು ವಿಚಾರಣೆಯಿಲ್ಲದೆ ದೂಷಿಸಿತೆಂಬುದನ್ನು ಮರೆಯಲಾಗದು.

1920ರ ದಶಕದಲ್ಲಿ ನಟ ಟಾಮ್ ಮಿಕ್ಸ್ ಅವರ ಸಾಹಸಗಳು ಪ್ರೇಕ್ಷಕರನ್ನು ಸೆಳೆದಂತೆ ಹಾರ್ಟ್ ಅವರ ಗಂಭೀರ ಶೈಲಿ ಹಿಂದೆ ಸರಿಯಿತು, ‘ಟಂಬಲ್‌ವೀಡ್ಸ್’ (1925) ಅವರ ಕೊನೆಯ ಕಥಾಚಿತ್ರವಾಯಿತು. ಆದರೂ ಊರನ್ನು ಕಾಯುವ ಹಿಂಸೆ ಎಲ್ಲಿಯವರೆಗೆ ನ್ಯಾಯವಾಗಿ ಉಳಿಯುತ್ತದೆ ಎಂದು ಮುಂದಿನ ವೆಸ್ಟರ್ನ್‌ಗಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಯನ್ನು ಮೂಕಿಯುಗವೇ, ಅದೂ ಇಷ್ಟು ನಿಷ್ಠುರವಾಗಿ, ಎತ್ತಿತ್ತು ಎಂಬ ಕಾರಣಕ್ಕೆ ಈ ಚಿತ್ರಗಳು ಇಂದಿಗೂ ನೋಡತಕ್ಕವು.