ಮೊದಲು ಲೆಕ್ಕ, ಅನಂತರ ತಯಾರಿಕೆ

ಸೂಕ್ಷ್ಮ ಅಳತೆಯೆಂಬುದು ಶಿಡ್ಲಘಟ್ಟದ ರೀಲರುಗಳಿಗೆ ಹೊಸದೇನಲ್ಲ. ಡೆನಿಯರ್ ಏರುಪೇರಾದರೆ ನೂಲಿನ ಬೆಲೆ ಏನಾಗುವುದೆಂದು ಅವರು ಬಲ್ಲರು. ಗೂಡಿನ ಒಂದೊಂದು ಎಳೆಯ ದಪ್ಪವನ್ನು ಅಳೆಯುವುದು ಮೈಕ್ರಾನ್‌ಗಳಲ್ಲಿ, ಅಂದರೆ ಮಿಲಿಮೀಟರಿನ ಸಾವಿರದ ಒಂದಂಶದಲ್ಲಿ. ಬಾಯ್ಲರು, ಪಂಪುಗಳ ಒತ್ತಡವನ್ನು ಅಳೆಯಬಲ್ಲ ಸಿಲಿಕಾನ್ ಸೆನ್ಸಾರುಗಳೂ ಇದೇ ಅಳತೆಯಲ್ಲಿ ಸಿದ್ಧವಾಗುತ್ತವೆ.

ಇಲ್ಲಿ ಲೇತಿನ ಅನುಭವವೊಂದೇ ಸಾಲದು. ಭಾಗವೊಂದರ ಎಲ್ಲ ಅಳತೆಗಳನ್ನೂ ಹತ್ತನೆಯ ಒಂದಕ್ಕೆ ಕುಗ್ಗಿಸಿದರೆ ತೂಕವು ಸಾವಿರದ ಒಂದಂಶಕ್ಕೆ ಇಳಿಯುತ್ತದೆ, ಮೇಲ್ಮೈಯಾದರೋ ನೂರರ ಒಂದಂಶಕ್ಕೆ ಮಾತ್ರ. ಆದುದರಿಂದ ಭಾರಕ್ಕಿಂತ ಅಂಟಿಕೊಳ್ಳುವ ಬಲಗಳೇ ಮೇಲಾಗುತ್ತವೆ. ಸೆನ್ಸಾರಿನ ತೆಳುಪೊರೆಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ, ಬಾಗು ಅಲ್ಪವಾಗಿರುವವರೆಗೆ, ಅದೇ ಒತ್ತಡಕ್ಕೆ ಅದು ಎಂಟು ಪಟ್ಟು ಬಾಗುತ್ತದೆ. ಕೆಟ್ಟುದನ್ನು ಅರದಿಂದ ಉಜ್ಜಿ ಸರಿಪಡಿಸುವಂತೆಯೂ ಇಲ್ಲ. ವಿನ್ಯಾಸವೇ ತಪ್ಪಿದ್ದರೆ ಮಾಸ್ಕಿನಿಂದ ಹಿಡಿದು ಎಲ್ಲ ವೆಚ್ಚವೂ ಮರಳಿ ಬೀಳುತ್ತದೆ.

ಆದಕಾರಣ ಭಾಗವನ್ನು ಗಣಕದಲ್ಲಿ ಸಾವಿರಾರು ತುಣುಕುಗಳಾಗಿ ವಿಂಗಡಿಸಿ, ಭೌತವಿಜ್ಞಾನದ ಸಮೀಕರಣಗಳನ್ನು ಒಂದೊಂದಕ್ಕೂ ಅನ್ವಯಿಸಿ, ಅದು ಎಲ್ಲಿ ಬಾಗೀತು, ಎಲ್ಲಿ ಬಿರಿದೀತು ಎಂಬುದನ್ನು ಮುಂಚಿತವಾಗಿ ಲೆಕ್ಕಹಾಕಲಾಗುತ್ತದೆ. ಲೆಕ್ಕಕ್ಕೆ ಕೊಟ್ಟ ಅಂಕಿಗಳು ಸಡಿಲವಾದರೆ ಉತ್ತರವೂ ಸಡಿಲವೇ. ಪೊರೆಯ ನಿಜವಾದ ದಪ್ಪವನ್ನೂ ಅದರೊಳಗೆ ಉಳಿದ ಬಿಗುವನ್ನೂ ಪರೀಕ್ಷಾ ಬಿಲ್ಲೆಯ ಮೇಲೆ ಅಳೆಯಲೇಬೇಕು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳ ತಯಾರಕರು ಇದಕ್ಕಾಗಿ ಧೂಳುರಹಿತ ಕೊಠಡಿ ಕಟ್ಟಿಸಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಆರಂಭವಾದ ನ್ಯಾನೋ ವಿಜ್ಞಾನ ಕೇಂದ್ರದ ತಯಾರಿಕಾ ಸೌಲಭ್ಯಗಳು ಶುಲ್ಕದ ಮೇಲೆ ಉದ್ಯಮಗಳಿಗೂ ದೊರೆಯುತ್ತವೆ. ಅಲ್ಲಿಗೆ ಹೋಗುವ ಮುನ್ನ ಒತ್ತಡದ ಮಿತಿ, ಉಷ್ಣತೆ, ಬೇಕಾದ ಸಂಖ್ಯೆ ಇವನ್ನು ಬರೆದಿಟ್ಟುಕೊಳ್ಳುವುದು ಒಳಿತು. ನೂರಿನ್ನೂರು ಸೆನ್ಸಾರುಗಳಷ್ಟೇ ಸಾಕೆಂದಾದರೆ, ಪೇಟೆಯ ಸಿದ್ಧ ಸರಕನ್ನು ಕೊಳ್ಳುವುದೇ ಲಾಭಕರ.