ಹೊರಟುಹೋಗುವ ನಾಯಕ: ಕೌಬಾಯ್ ಚಿತ್ರಗಳ ಮುಕ್ತಾಯ ಮತ್ತು ಮಾದಪ್ಪನ ಸಾಲುಗಳು

1903ರ ‘ದಿ ಗ್ರೇಟ್ ಟ್ರೇನ್ ರಾಬರಿ’ ಚಿತ್ರದಲ್ಲಿ ದರೋಡೆಕೋರನೊಬ್ಬ ಪ್ರೇಕ್ಷಕರತ್ತ ನೇರವಾಗಿ ಗುಂಡು ಹಾರಿಸುವ ದೃಶ್ಯವಿದೆ. ಅದನ್ನು ಚಿತ್ರದ ಆರಂಭಕ್ಕಾಗಲಿ ಅಂತ್ಯಕ್ಕಾಗಲಿ ಜೋಡಿಸಿಕೊಳ್ಳುವ ಸ್ವಾತಂತ್ರ್ಯ ಪ್ರದರ್ಶಕರಿಗಿತ್ತು. ಮುಕ್ತಾಯವು ಕಥೆಯಿಂದಲೇ ಹುಟ್ಟಬೇಕೆಂಬ ನಿಯಮವನ್ನು ಈ ಪ್ರಕಾರ ಮೊದಲಿನಿಂದಲೂ ಅಷ್ಟಾಗಿ ಲೆಕ್ಕಿಸಲಿಲ್ಲ.

ಕೌಬಾಯ್ ನಾಯಕ ಸೂರ್ಯಾಸ್ತದತ್ತ ಒಂಟಿಯಾಗಿ ಸಾಗುತ್ತಾನೆಂಬುದು ರೂಢಿಯ ಗ್ರಹಿಕೆ. 1930ರ ದಶಕದ ಅಲ್ಪ ಬಂಡವಾಳದ, ಸುಮಾರು ಒಂದು ಗಂಟೆಯ ಚಿತ್ರಗಳು ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. 1933–35ರಲ್ಲಿ ‘ಲೋನ್ ಸ್ಟಾರ್’ ಹೆಸರಿನಲ್ಲಿ ಬಂದ ಜಾನ್ ವೇಯ್ನ್‌ನ 16 ಚಿತ್ರಗಳಲ್ಲಿ ನಾಯಕನು ಅನೇಕ ಬಾರಿ ಊರಿನಲ್ಲೇ ನಿಂತು ನಾಯಕಿಯ ಕೈಹಿಡಿಯುತ್ತಾನೆ. ಚಿತ್ರದಿಂದ ಚಿತ್ರಕ್ಕೆ ಪಾತ್ರದ ಹೆಸರು ಬದಲಾಗುತ್ತಿದ್ದುದರಿಂದ ಮದುವೆಯಿಂದ ನಿರ್ಮಾಪಕರಿಗೆ ನಷ್ಟವಿರಲಿಲ್ಲ. ‘ತ್ರೀ ಮೆಸ್ಕಿಟಿಯರ್ಸ್’ ಮಾಲಿಕೆಯ ಸ್ಥಿತಿ ಬೇರೆ. 1936–43ರ ನಡುವೆ ಬಂದ ಅದರ 51 ಚಿತ್ರಗಳಲ್ಲಿ ಸವಾರರ ಮೂವರ ಗುಂಪು ಮತ್ತೆ ಮತ್ತೆ ಬರಬೇಕಿತ್ತು. ಹಾಗಾಗಿ ಊರಿನ ತೊಡಕು ಬಿಡಿಸಿದ ಮೇಲೆ ಅವರು ಹೊರಡಲೇಬೇಕು. ಅವರನ್ನು ಹೊರಡಿಸುತ್ತಿದ್ದುದು ವೈರಾಗ್ಯವಲ್ಲ, ಮುಂದಿನ ಚಿತ್ರ.

ಈ ಕ್ರಮ ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಸೀಮೆಯ ಕೇಳುಗರಿಗೆ ಹೊಸದೆನಿಸಲಾರದು. ಚಾಮರಾಜನಗರ ಭಾಗದ ಕಂಸಾಳೆಯವರು ಹಾಡುವ ಮಲೆ ಮಹದೇಶ್ವರ ಕಾವ್ಯವೂ ಸಾಲು ಸಾಲಾಗಿಯೇ ಬೆಳೆದಿದೆ. ಮಾದಪ್ಪ ಜಂಗಮನ ವೇಷದಲ್ಲಿ ಅಪರಿಚಿತನಾಗಿ ಬರುತ್ತಾನೆ. ಬೇವಿನಹಟ್ಟಿ ಕಾಳಮ್ಮನಂಥ ಸಿರಿವಂತರ ಸೊಕ್ಕು ಮುರಿಯುತ್ತಾನೆ. ಎಪ್ಪತ್ತೇಳು ಮಲೆಗೆ ಮರಳುತ್ತಾನೆ. ಒಂದು ಸಾಲು ಮುಗಿದರೂ ಕಾವ್ಯ ಮುಗಿಯುವುದಿಲ್ಲ.

ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಕೌಬಾಯ್ ಏನನ್ನೂ ಬೇಡದೆ ಹೋಗುತ್ತಾನೆ. ಅವನು ಹೋದ ಮೇಲೆ ಊರು ಏನಾಯಿತೆಂದು ಕೇಳುವವರಿಲ್ಲ. ಮಾದಪ್ಪ ಒಕ್ಕಲನ್ನು ಪಡೆದೇ ಹೋಗುತ್ತಾನೆ. ಗಂಡ ನೀಲೇಗೌಡನ ಸಂಶಯಕ್ಕೆ ಸಿಕ್ಕಿ ಕಾಡಿನಲ್ಲಿ ನರಳುವ ಸಂಕಮ್ಮನಿಗೆ ಅವನು ಸಂತಾನ ಕರುಣಿಸುತ್ತಾನೆ, ನಿಜ. ಆದರೆ ಆ ಮಕ್ಕಳಾದ ಕಾರಯ್ಯ, ಬಿಲ್ಲಯ್ಯರು ಅವನ ಸೇವೆಗೇ ಸಲ್ಲುತ್ತಾರೆ. ಸಂಕಮ್ಮನ ಸಾಲಿನ ಮುಕ್ತಾಯದಲ್ಲಿ ಸಂತೋಷದಷ್ಟೇ ಋಣವೂ ಇದೆ. ಅಗ್ಗದ ಕೌಬಾಯ್ ಚಿತ್ರಗಳಿಗೆ ದಕ್ಕದ ಭಾರ ಇದು.

ಇದೇ ಸೀಮೆಯ ಗಾಜನೂರಿನ ರಾಜಕುಮಾರ್ ನಟಿಸಿದ ‘ಬಂಗಾರದ ಮನುಷ್ಯ’ (1972) ಚಿತ್ರದ ಕೊನೆಯಲ್ಲೂ ನಾಯಕ ಊರು ಬಿಡುತ್ತಾನೆ. ಅಕ್ಕನ ಸಂಸಾರವನ್ನು ಎತ್ತಿ ನಿಲ್ಲಿಸಿದ ರಾಜೀವ, ಅಕ್ಕನ ಮಗನ ತಪ್ಪು ತಿಳಿವಳಿಕೆಯ ಮಾತಿಗೆ ನೊಂದು, ಸಮರ್ಥನೆಯನ್ನೂ ನೀಡದೆ ನಡೆದುಬಿಡುತ್ತಾನೆ. ಸತ್ಯ ತಿಳಿದಾಗ ಮನೆಯವರ ಪಾಲಿಗೆ ಉಳಿಯುವುದು ಹುಡುಕಾಟ ಮಾತ್ರ. ಋಣ ಇಲ್ಲಿ ಹಿಂದೆ ಉಳಿದವರದು, ಅದನ್ನು ತೀರಿಸಿಕೊಳ್ಳಲು ಅವನು ಮರಳುವ ಮತ್ತೊಂದು ಸಾಲಿಲ್ಲ.